ಅರ್ಧ ಅಂಚೆಚೀಟಿ

ಗುರುವಾರ, ಮಧ್ಯಾಹ್ನ

ನನ್ನ ಲಕೋಟೆ ಕದ್ದ ಮಹಾಶಯರಿಗೆ,

ನಮಸ್ಕಾರ. ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳಲು ಬರೆಯುತ್ತಿಲ್ಲ.

ಅಂಚೆಚೀಟಿ ಸಂಘದ ಕಾರ್ಯದರ್ಶಿ ಬಂದು ಭಾನುವಾರದ ಪ್ರದರ್ಶನದ ಕರಪತ್ರ ಕೊಟ್ಟರು. ಅಭ್ಯಾಸಬಲ ನೋಡಿ, ನಿಮ್ಮ ಯಜಮಾನ್ರಿಗೇ ಈ ಸಲ ಮೊದಲ ಬಹುಮಾನ ಕಣಮ್ಮಾ ಎಂದುಬಿಟ್ಟರು. ಯಜಮಾನ್ರು ಮನೆ ಖಾಲಿ ಮಾಡಿ ವರ್ಷವಾಯ್ತು, ಈಗ ಇಲ್ಲಿ ಯಜಮಾನಿ ನಾನೇ ಎಂದೆ. ಬಡಪಾಯಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಕರಪತ್ರದ ಮೇಲೆ ನಿಮ್ಮ ಲಕೋಟೆಯ ಚಿತ್ರ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದ್ದು, ಪರದೇಶದವರು ಅದನ್ನು ಆಳುತ್ತಿದ್ದ ಕಾಲದ್ದು. ಮೂಲೆಯಿಂದ ಮೂಲೆಗೆ ಕತ್ತರಿಸಿದ ಅರ್ಧ ಚೀಟಿ ಅಂಟಿದೆ. ಬಲು ಅಪರೂಪವಂತೆ.

ಚೀಟಿ ಅರ್ಧವಾದ ಕಥೆ ನನಗೆ ಹೇಳಿದವರು ನೀವೇ. ಸಂಘದ ಕೋಣೆಯಲ್ಲಿ ಇಬ್ಬರೂ ಒಂದೇ ಭೂತಗನ್ನಡಿಗೆ ಕೈ ಚಾಚಿದ ದಿನ. ದ್ವೀಪದಲ್ಲಿ ಒಮ್ಮೆ ಕಡಿಮೆ ಬೆಲೆಯ ಚೀಟಿಗಳು ಮುಗಿದವು, ಹೊಸವನ್ನು ತರುವ ಹಡಗು ಬರಲೇ ಇಲ್ಲ. ಅಂಚೆಯವನು ತಲೆ ಕೆರೆದುಕೊಂಡು, ದೊಡ್ಡ ಚೀಟಿಯನ್ನೇ ಕತ್ತರಿಸಿ ಎರಡು ಪತ್ರಕ್ಕೆ ಹಂಚಿದ. ಅರ್ಧ ಒಂದೂರಿಗೆ, ಇನ್ನರ್ಧ ಇನ್ನೊಂದೂರಿಗೆ. ಅಂಚೆಮುದ್ರೆ ಚೀಟಿಯ ಮೇಲೂ ಲಕೋಟೆಯ ಮೇಲೂ ಹಾಯ್ದಿದ್ದರಷ್ಟೇ ಅದಕ್ಕೆ ಬೆಲೆ, ಬಿಡಿಸಿದರೆ ಕಸ ಎಂದಿರಿ. ನಾನು ಕಥೆಗೆ ಸೋತೆ, ಹೇಳಿದವರಿಗೂ ಸೋತೆ.

ಈಗ ನಾನು ಹೇಳುತ್ತೇನೆ, ನೀವು ಹೂಂಗುಟ್ಟಿ.

ಒಬ್ಬ ಹಡಗಿನ ಅಡುಗೆಯವನಿದ್ದ, ನನ್ನ ಅಪ್ಪ. ಆ ದ್ವೀಪದಿಂದ ಅಮ್ಮನಿಗೆ ಒಂದೇ ಒಂದು ಪತ್ರ ಹಾಕಿದ. ಅದರ ಮೇಲಿದ್ದದ್ದು ಸಾಧಾರಣವಾದ ಇಡೀ ಚೀಟಿ. ಅಮ್ಮ ಓದಿ ಓದಿ, ಮೈಮರೆತು ಅದರ ಮೇಲೇ ಲೋಟ ಇಟ್ಟು, ಎಡಮೂಲೆಯಲ್ಲಿ ಕಂದು ಉಂಗುರ ಮೂಡಿತು. ನಾವು ಬೇರೆಯಾಗುವಾಗ ಬಿಡಿ ಚೀಟಿಗಳು ನಿಮಗೆ, ಲಕೋಟೆಗಳು ನನಗೆ ಎಂದು ಮಾತಾಗಿತ್ತು. ಅಪ್ಪನದು ಮಾತ್ರ ಸಿಗಲಿಲ್ಲ. ಎಲ್ಲಾ ಕಡೆ ಹುಡುಕಿದೆ ಕಣೇ, ನಿನ್ನಾಣೆ ಎಂದಿರಿ. ನನ್ನ ಮೇಲೆ ಆಣೆ ಇಡುವುದು ನಿಮಗೆ ಯಾವತ್ತೂ ಸಲೀಸು. ಸುಳ್ಳಾದರೆ ಸಾಯುವವಳು ನಾನು ತಾನೇ!

ಕರಪತ್ರದ ಚಿತ್ರದಲ್ಲಿ ಅದೇ ಉಂಗುರವಿದೆ, ರೀ.

ಅಪ್ಪನ ಚೀಟಿಯನ್ನು ನೆನೆಸಿ ಕಿತ್ತು, ಅಲ್ಲಿ ನೀವೇ ಕತ್ತರಿಸಿದ ಅರ್ಧ ಚೀಟಿ ಅಂಟಿಸಿ, ಮುದ್ರೆಯ ಗೆರೆಯನ್ನು ಶಾಯಿಯಲ್ಲಿ ಎಳೆದಿದ್ದೀರಿ. ಹಳೇ ಲಕೋಟೆಗೆ ನೀರು ಸೋಕಿಸಿದರೆ ಕೈ ಮುರೀತೀನಿ ಎಂದು ನನ್ನನ್ನು ಬೈಯುತ್ತಿದ್ದವರು! ಅಮ್ಮನ ಹೆಸರಿನ ಕೊನೆಯ ಅಕ್ಷರ ಕದಡಿ ನೀಲಿ ಕಲೆಯಾಗಿದೆ. ಅಪ್ಪ ಅಕ್ಷರ ಕಲಿತದ್ದೇ ಆ ಹೆಸರು ಬರೆಯಲಿಕ್ಕೆ.

ಇನ್ನರ್ಧಕ್ಕಾಗಿ ಮನೆಯೆಲ್ಲ ಜಾಲಾಡಿರಬೇಕು ನೀವು. ಪಾಲು ಮಾಡುವಾಗ, ಇವೂ ನಿನಗೇ ಇರಲಿ ಎಂದು ಧಾರಾಳವಾಗಿ ಎಸೆದಿರಲ್ಲ, ಚೀಟಿ ಒಣಗಿಸುವ ಹೀರುಕಾಗದಗಳು, ಅವುಗಳ ನಡುವೆ ಅಂಟಿಕೊಂಡು ಅದು ನನ್ನ ಪಾಲಿಗೆ ಬಂತು. ಒಳ್ಳೇ ಚೀಟಿ ಕತ್ತರಿಸಿದ ಪಾಪಿ ಯಾರಪ್ಪಾ ಎಂದು ಇಷ್ಟು ದಿನ ಅಂದುಕೊಳ್ಳುತ್ತಿದ್ದೆ. ನಿಮ್ಮ ಮೊಂಡು ಕತ್ತರಿಯ ಕಚ್ಚು ಇದರಲ್ಲೂ ಇದೆ, ಚಿತ್ರದಲ್ಲೂ ಇದೆ. ಜೋಡಿಸಿದರೆ ನಡುವೆ ಕೂದಲೂ ತೂರದು.

ಶನಿವಾರದೊಳಗೆ ಅಪ್ಪನ ಲಕೋಟೆಯನ್ನು ಪ್ರದರ್ಶನದಿಂದ ತೆಗೆದು ನನಗೆ ಕಳಿಸಿ. ಇಲ್ಲವಾದರೆ ತೀರ್ಪುಗಾರರ ಮುಂದೆ ಇನ್ನರ್ಧ ಇಡುತ್ತೇನೆ. ಆಮೇಲೆ ಸಂಘದಲ್ಲಿ ಕುರ್ಚಿ ಹಾಗಿರಲಿ, ಚಾಪೆಯೂ ಸಿಗದು ನಿಮಗೆ.

ಇತಿ,
ಒಂದು ಕಾಲದಲ್ಲಿ ನಿಮ್ಮ ಕಥೆಗೆ ಹೂಂಗುಟ್ಟಿದವಳು

ತಾ.ಕ.: ಈ ಪತ್ರ ಕೊಡುವಾಗ ಅಂಚೆಯಣ್ಣ ನಿಮ್ಮಿಂದ ದಂಡ ವಸೂಲು ಮಾಡಿರಬೇಕು. ಲಕೋಟೆಯ ಮೂಲೆ ನೋಡಿ, ಅಂಟಿಸಿರುವುದು ಆ ಇನ್ನರ್ಧವನ್ನೇ. ನನ್ನ ಬಳಿ ಬೇರೆ ಸಾಕ್ಷಿಯಿಲ್ಲ. ಉಂಗುರ ಕಂಡವರು ಅಮ್ಮ, ನಾನು, ನೀವು. ಅಮ್ಮ ಈಗಿಲ್ಲ. ಈ ಅರ್ಧವನ್ನು ಒಲೆಗೆ ಹಾಕಿದರೆ ಬಹುಮಾನ ನಿಮ್ಮದೇ. ಭಾನುವಾರ ಬರಿಗೈಯಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಚಪ್ಪಾಳೆ ತಟ್ಟಲೋ ಬೇಡವೋ, ನೀವೇ ಹೇಳಿ.