ಊಟ ಆಯ್ತಾ, ಪಾಜಿ?

ಪಾಜಿ,

ಅಣ್ಣ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಆಫೀಸಿನಲ್ಲಿ ಎಲ್ಲರೂ ನಿಮ್ಮನ್ನು ಪಾಜಿ ಎಂದೇ ಕರೆದದ್ದು. ನಿಮ್ಮ ಪಂಜಾಬಿಯಲ್ಲಿ ಅದಕ್ಕೂ ಅಣ್ಣ ಎಂದೇ ಅರ್ಥ. ಪ್ರೀತಮ್ ಸಿಂಗ್ ಎಂಬ ಹೆಸರು ಇಲ್ಲಿರಲು ಸರ್ಕಾರ ಕೊಡುವ ಪರವಾನಗಿ, ಆ ಇಕಾಮಾದಲ್ಲಿ ಮಾತ್ರ ಇತ್ತು. ನಿಮಗೆ ಕನ್ನಡ ಓದಲು ಬಾರದು, ಗೊತ್ತು. ಏನು ಮಾಡಲಿ, ನನಗೆ ಕೊಂಕಣಿ ಪ್ರಾರ್ಥನೆಗೆ ಮತ್ತು ಬೈಯುವುದಕ್ಕೆ, ಇಂಗ್ಲಿಷ್ ಹೊಟ್ಟೆಪಾಡಿಗೆ. ಮನಸ್ಸು ಬಿಚ್ಚಿ ಬರೆಯಬೇಕಾದರೆ ಮಂಗಳೂರಿನ ಶಾಲೆಯಲ್ಲಿ ಕಲಿತ ಕನ್ನಡವೇ ಬೇಕು. ಸತ್ತವರಿಗೆ ಭಾಷೆಯ ತೊಂದರೆ ಇರಲಿಕ್ಕಿಲ್ಲ. ಬದುಕಿದ್ದಾಗ ನಮ್ಮಿಬ್ಬರ ನಡುವೆ ಇದ್ದದ್ದೇ ಸಾಕು.

ನಿಮ್ಮ ಮಗಳು ಜಸ್ಲೀನ್ ಜಲಂಧರದಿಂದ ಫೋನು ಮಾಡಿದ್ದಳು. "ಆಂಟಿ, ಪಾಪಾ ಕೊನೆಕೊನೆಗೆ ಸರಿಯಾಗಿ ಊಟ ಮಾಡುತ್ತಿದ್ದರಾ?" ಎಂದು ಕೇಳಿದಳು. ಕುಕ್ಕರ್ ಕೂಗುತ್ತಿದೆ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ಕುಕ್ಕರೂ ಇರಲಿಲ್ಲ, ಏನೂ ಇರಲಿಲ್ಲ. ಅವಳಿಗೆ ಏನು ಹೇಳಲಿ? ಅದನ್ನು ನಿಮ್ಮನ್ನೇ ಕೇಳೋಣ ಎಂದು ಕೂತಿದ್ದೇನೆ.

ನಾನು ಟೈಪಿಸ್ಟಾಗಿ ಸೇರಿದ ದಿನ ನೆನಪಿದೆಯಾ? ಯುದ್ಧ ಮುಗಿದು ಕೆಲವೇ ವರ್ಷವಾಗಿತ್ತು, ಕುವೈತ್ ಸಿಟಿಯಲ್ಲಿ ಏಸಿ ಕೂರಿಸುವ ನಮ್ಮ ಕಂಪನಿಗೆ ಕೈತುಂಬ ಕೆಲಸ. ನೀವು ಸ್ಟೋರಿನ ಇನ್‌ಚಾರ್ಜ್. ಮಧ್ಯಾಹ್ನ ನಾನು ಡಬ್ಬಿ ಹಿಡಿದು ಮೂಲೆ ಹುಡುಕುತ್ತಿದ್ದಾಗ, "ಯಲ್ಲಾ ಮೇಡಂ, ಸಾಲಿಗೆ ಬನ್ನಿ" ಎಂದು ಕರೆದಿರಿ. ಸ್ಟೋರಿನ ನೆಲದ ಮೇಲೆ ಪೇಪರು ಹಾಸಿ ಈಜಿಪ್ಟಿನ ಇಂಜಿನಿಯರ್, ಬಂಗಾಳಿ ಕ್ಲೀನರ್, ಮಲಯಾಳಿ ಡ್ರೈವರ್ ಎಲ್ಲರೂ ಒಂದೇ ಸಾಲು. ಮ್ಯಾನೇಜರ್ ಸಹಿ ಕೇಳಲು ಬಂದರೆ ಅವರನ್ನೂ ಕೂರಿಸಿ ರೊಟ್ಟಿ ಕೊಡುತ್ತಿದ್ದಿರಿ. "ಬಾದಶಹನೇ ನಮ್ಮ ಗುರುಗಳನ್ನು ನೋಡಲು ಬಂದಾಗ ಮೊದಲು ನೆಲದ ಮೇಲೆ ಸಾಲಿನಲ್ಲಿ ಕೂತು ಉಂಡ, ಆಮೇಲೆ ಭೇಟಿ. ಈ ಮ್ಯಾನೇಜರ್ ಯಾವ ಲೆಕ್ಕ" ಎನ್ನುತ್ತಿದ್ದಿರಿ. ಲಂಗರ್ ಎಂಬ ಪದ ನಾನು ಕೇಳಿದ್ದು ಅಲ್ಲೇ. ಹಡಗಿನ ಲಂಗರು ಎಂದುಕೊಂಡಿದ್ದೆ ಮಾರಾಯ್ರೆ! ಯಾರು ಬಂದರೂ ಜಾತಿ ಕೇಳದೆ ಬಡಿಸುವ ಅಡುಗೆಮನೆ ಎಂದು ನೀವು ಹೇಳಿದ ಮೇಲೆ ಗೊತ್ತಾಯಿತು.

ಒಂದು ದಿನ ನೀವು ಹುರಿದ ಕಡಲೆಯ ಪೊಟ್ಟಣ ಮುಂದೆ ಹಿಡಿದು "ಪುತ್ತರ್, ಬಾದಾಮಿ ತಗೋ" ಎಂದಿರಿ. ಕಣ್ಣು ಕಾಣುವುದಿಲ್ಲವೇನೋ ಎಂದು ನಾನು ನಕ್ಕೆ. ಆಗ ನೀವು ಆ ಹಳೆಯ ಕಾಲದ ಕಥೆ ಹೇಳಿದಿರಿ. ಸಿಖ್ಖರ ತಲೆಗೆ ಬೆಲೆ ಕಟ್ಟಿದ್ದ ಕಾಲ. ಕಾಡಿನಲ್ಲಿ ಅಡಗಿ, ಕುದುರೆಯ ಮೇಲೆಯೇ ನಿದ್ದೆ. ತಿನ್ನಲು ಕಡಲೆ ಸಿಕ್ಕರೆ ಅದು ಬಾದಾಮಿ, ಈರುಳ್ಳಿ ಸಿಕ್ಕರೆ ಬೆಳ್ಳಿ, ಮೆಣಸಿನಕಾಯಿಗೆ ಜಗಳಗಂಟಿ ಎಂದು ಹೆಸರು. ಒಬ್ಬನೇ ಉಳಿದಿದ್ದರೂ ಸವಾ ಲಕ್ಷ ಜನ ಬಂದಿದ್ದೇವೆ ಎನ್ನುವುದು. ಸತ್ತರೆ ದಂಡೆತ್ತಿ ಹೋದ ಎನ್ನುವುದು. ಬಡತನ ಬಾಯಿಗೆ ಬರಬಾರದು, ಶತ್ರುವಿಗೂ ಕೇಳಿಸಬಾರದು, ದೇವರಿಗೂ ಕೇಳಿಸಬಾರದು ಎಂದಿರಿ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನಾನು ಕಿಚಾಯಿಸಿದೆ. ಅರ್ಥ ಹೇಳಿಸಿಕೊಂಡು, ಪಗಡಿ ತಟ್ಟಿ, "ಜುಟ್ಟು ಇಲ್ಲೇ ಇದೆ, ಮಲ್ಲಿಗೆ ನೀನು ತಾ" ಎಂದು ಬಿದ್ದು ಬಿದ್ದು ನಕ್ಕಿರಿ. ಆ ಮಾತನ್ನು ಆಡಿದ ನಾಲಿಗೆ ಇದೇ. ಈಗ ಕಚ್ಚಿಕೊಳ್ಳುತ್ತಿದ್ದೇನೆ.

ನನ್ನ ಕನ್ನಡದ ಮೇಲೂ ನಿಮಗೆ ಹಕ್ಕಿತ್ತು. ನಮ್ಮ ಗುರುಗಳು ಧರ್ಮಕ್ಕಾಗಿ ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತ ಐದು ಜನರಲ್ಲಿ ಒಬ್ಬ ನಿಮ್ಮ ಬೀದರಿನವನು, ನೀನು ಬೀದರನ್ನೇ ನೋಡಿಲ್ಲವಾ ಎಂದು ಗದರುತ್ತಿದ್ದಿರಿ. ಮಂಗಳೂರಿನವರಿಗೆ ಬೀದರಿಗಿಂತ ಬೊಂಬಾಯಿ ಹತ್ತಿರ ಎಂದು ನಾನು ವಾದಿಸುತ್ತಿದ್ದೆ. ಹಾಗಾದರೆ ಆ ಬೀದರಿನವನ ಭಾಷೆಯಲ್ಲಿ ಒಂದು ಮಾತು ಕಲಿಸು ಎಂದಿರಿ. ನಾನು ಕಲಿಸಿದ್ದು "ಊಟ ಆಯ್ತಾ?" ಎಷ್ಟು ಚೆಂದ ಹೇಳುತ್ತಿದ್ದಿರಿ, 'ಟ'ಗೆ ಒತ್ತು ಕೊಟ್ಟು! ಆದರೆ ಒಂದು ವಿಷಯ ಹೇಳುವುದು ಬಿಟ್ಟುಹೋಯಿತು, ಪಾಜಿ. ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲ. ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರ ಅನ್ನುವ ಬದಲು ಅನ್ನುವ ಮಾತು ಅದು. ಉತ್ತರ ಬರುವಷ್ಟರಲ್ಲಿ ಕೇಳಿದವರು ಮುಂದಿನ ತಿರುವು ದಾಟಿರುತ್ತಾರೆ. ನೀವು ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡಿರಿ, ಅಲ್ಲವಾ?

ನಮ್ಮ ವೀಸಾ ಹಿಡಿದಿದ್ದ ಅರಬ್ ಮಾಲೀಕ, ಕಫೀಲ್, ಒಂದು ಬೆಳಿಗ್ಗೆ ಖಲಾಸ್ ಎಂದು ಕಂಪನಿಗೆ ಬೀಗ ಹಾಕಿದಾಗ ನನಗೆ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ನಿಮಗೆ ಆ ವಯಸ್ಸಿನಲ್ಲಿ ಯಾರು ಕೊಡುತ್ತಾರೆ? ಇಕಾಮಾ ಮುಗಿಯಿತು, ಅಬ್ಬಾಸಿಯಾದ ಒಂದು ಕೋಣೆ ಸೇರಿದಿರಿ, ಪೊಲೀಸರ ಚೆಕಿಂಗ್ ಭಯಕ್ಕೆ ಹೊರಗೆ ಬರುವುದೇ ಬಿಟ್ಟಿರಿ. ಮೊದಮೊದಲು ನಾನೂ ನನ್ನ ಗಂಡ ಲ್ಯಾನ್ಸಿಯೂ ಡಬ್ಬಿ ತಂದುಕೊಡುತ್ತಿದ್ದೆವು. ಆಮೇಲೆ ನಮ್ಮ ಮನೆಯಿರುವ ಬ್ನೇದ್ ಅಲ್ ಗಾರ್‌ನಿಂದ ಅಷ್ಟು ದೂರ, ಮಗಳ ಟ್ಯೂಷನ್ನು, ನನ್ನ ಕ್ವಾಯರ್ ಪ್ರಾಕ್ಟೀಸು... ಸುಡುಗಾಡು, ಕಾರಣಗಳಿಗೇನು ಬರಗಾಲವೇ? ಇಲ್ಲಿ ವಾರದ ರಜೆಯಾದ ಶುಕ್ರವಾರ ಪೂಜೆ ಮುಗಿಸಿ ಇಗರ್ಜಿಯ ಗೇಟಿನಲ್ಲಿ ನಿಂತೇ ಫೋನು ಮಾಡತೊಡಗಿದೆ. "ಊಟ ಆಯ್ತಾ, ಪಾಜಿ?"

"ಲಂಗರ್ ಮಸ್ತ್ ಹೈ, ಪುತ್ತರ್."

ನಮ್ಮ ಊರಿನ ತುಳುವಿನಲ್ಲಿ ಮಸ್ತ್ ಅಂದರೆ ಧಾರಾಳ, ಬೇಕಾದಷ್ಟು. ಹಿಂದಿಯವರಿಗೆ ಮಸ್ತ್ ಅಂದರೆ ಸೊಗಸು. ಯಾವ ಕಡೆಯಿಂದ ನೋಡಿದರೂ ಸಂತೋಷದ ಸುದ್ದಿಯೇ! ನಿಮ್ಮ ಗುರುದ್ವಾರದವರು ಊಟ ತಂದುಕೊಡುತ್ತಿದ್ದಾರೆ ಎಂದುಕೊಂಡೆ. "ಎಲ್ಲ ಒಬ್ಬರೇ ಮುಗಿಸಬೇಡಿ, ನನಗೂ ಸ್ವಲ್ಪ ಇಡಿ" ಎಂದೆ. ನೀವು ಜೋರಾಗಿ ನಕ್ಕಿರಿ. ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಡಬ್ಬಿ ಒಯ್ಯುವುದು ನಿಂತೇಹೋಯಿತು. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಮಾಡಿದಾಗ ಲ್ಯಾನ್ಸಿ ನಿಮ್ಮ ಹೆಸರು ಎತ್ತಿದರೆ, "ಅವರಿಗೆ ಅಲ್ಲಿ ಮಸ್ತ್ ಉಂಟು" ಎಂದು ಬಾಯಿ ಮುಚ್ಚಿಸಿದೆ. ಹೊಸ ವರ್ಷ ಬರುವ ಮೊದಲೇ ಹೃದಯಾಘಾತ ಎಂಬ ಸುದ್ದಿ ಬಂತು.

ನಿಮ್ಮ ಊರಿನವರು ಒಂದು ಮನೆಯಲ್ಲಿ ಸೇರಿ ನಿಮಗಾಗಿ ಗುರುಗ್ರಂಥದ ಪಾಠ ಓದಿಸಿದರು. ನಾನೂ ತಲೆಗೆ ದುಪಟ್ಟಾ ಹೊದ್ದು ಕೂತಿದ್ದೆ. ಆಮೇಲೆ ಸಾಲಿನಲ್ಲಿ ತಟ್ಟೆ ಬಂತು, ಕೈಗೆ ರೊಟ್ಟಿ ಬಂತು. ಬಡಿಸುತ್ತಿದ್ದ ಮುದುಕಿಯನ್ನು ಎಲ್ಲರೂ ಬೀಜಿ ಎಂದು ಕರೆಯುತ್ತಿದ್ದರು. ಅವರ ಕಣ್ಣೀರು ನೋಡಲಾರದೆ, ಸಮಾಧಾನ ಹೇಳೋಣ ಎಂದು ನಾನು, "ಅಳಬೇಡಿ ಬೀಜಿ, ಕೊನೆಯವರೆಗೂ ಪಾಜಿ ಚೆನ್ನಾಗಿ ಉಂಡಿದ್ದಾರೆ. ಪ್ರತಿ ವಾರ ನನಗೆ ಹೇಳುತ್ತಿದ್ದರು, ಲಂಗರ್ ಮಸ್ತ್ ಹೈ ಅಂತ" ಎಂದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ನನ್ನಂಥವರಿಗೇ ಹೇಳಿದ್ದು. ಸಾಲಿನಲ್ಲಿದ್ದವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

ಬೀಜಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು. ಅದೂ ಆ ಕಾಡಿನ ಕಾಲದ ಮಾತೇ. ಅಡುಗೆಮನೆ ಖಾಲಿ, ಒಲೆ ಹಚ್ಚಿಲ್ಲ, ಇವತ್ತು ಉಪವಾಸ ಎನ್ನುವುದಕ್ಕೆ ನಮ್ಮವರು ಲಂಗರ್ ಮಸ್ತ್ ಹೈ ಎನ್ನುತ್ತಾರೆ. "ನಮಗೂ ಹೇಳಲಿಲ್ಲ ಬೇಟಿ. ಬಡಿಸಿ ರೂಢಿಯಾದ ಕೈ, ಒಡ್ಡಲು ಬರಲಿಲ್ಲ." ನಿಮ್ಮ ಕೋಣೆಯಲ್ಲಿದ್ದ ಕರೀಂನಗರದ ಬಡಗಿ ರಾಜಯ್ಯನೂ ಅಲ್ಲೇ ಇದ್ದ. "ಖುಬ್ಬೂಸ್ ರೊಟ್ಟಿ ಸಿಕ್ಕ ದಿನ ದೊಡ್ಡ ಪಾಲು ನನಗೆ ಕೊಟ್ಟು ತಮ್ಮದು ಉಂಡಾಯಿತು ಅನ್ನುತ್ತಿದ್ದರು, ನಾನು ನಂಬಿದೆ" ಎಂದು ಮುಖ ಮುಚ್ಚಿಕೊಂಡ. ನನ್ನ ಕೈಯಲ್ಲಿ ಅರ್ಧ ತಿಂದ ರೊಟ್ಟಿ ಇತ್ತು. ಅದನ್ನು ಬಿಡುವಂತಿಲ್ಲ, ನುಂಗುವಂತಿಲ್ಲ. ನುಂಗಿದೆ.

ಅಂದಿನಿಂದ ಒಂದೇ ಪ್ರಶ್ನೆ ತಲೆ ತಿನ್ನುತ್ತಿದೆ. ಬಾದಾಮಿ, ಬೆಳ್ಳಿ, ಜಗಳಗಂಟಿ ಹೇಳಿಕೊಟ್ಟ ದಿನ ಈ ಮಾತನ್ನೂ ಹೇಳಿದ್ದಿರಾ, ನಾನು ಟೈಪಿಂಗಿನ ಗಡಿಬಿಡಿಯಲ್ಲಿ ಕಿವಿಗೆ ಹಾಕಿಕೊಳ್ಳಲಿಲ್ಲವಾ? ಮೊದಲ ಶುಕ್ರವಾರ ನನಗೆ ತಿಳಿಯಲಿ ಎಂದೇ ಹೇಳಿದಿರಾ? ನಾನು "ನನಗೂ ಇಡಿ" ಎಂದ ಮೇಲೆ, ಇನ್ನು ಇವಳಿಗೆ ತಿಳಿಯದಿರಲಿ ಎಂದು ಹೇಳುತ್ತಾ ಹೋದಿರಾ? ಆ ನಗು... ಸಿಟ್ಟೂ ಬರುತ್ತದೆ ನಿಮ್ಮ ಮೇಲೆ. ಒಂದು ಸಲ, ಒಂದೇ ಒಂದು ಸಲ ಹಸಿವು ಎಂದು ನೆಟ್ಟಗೆ ಹೇಳಿದ್ದರೆ ನಿಮ್ಮ ಪಗಡಿ ಜಾರಿ ಬೀಳುತ್ತಿತ್ತಾ?

ಇಷ್ಟು ಬರೆದು ನಿಲ್ಲಿಸಿದವಳು ನಿನ್ನೆ ಜಸ್ಲೀನ್‌ಗೆ ಫೋನು ಮಾಡಿದೆ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ನಾನು ಕೇಳಿದ್ದು, ನೀವು ಹೇಳಿದ್ದು, ನಾನು ತಮಾಷೆ ಮಾಡಿದ್ದು. ಅವಳು, "ನಮಗೆ ದಿನಾ ಮಟನ್, ಪಲಾವ್ ಅಂತಿದ್ದರು ಆಂಟಿ. ಮನೆಯಲ್ಲಿ ಆ ಮಾತು ಹೇಳಿದ್ದರೆ ಮಕ್ಕಳಿಗೂ ಅರ್ಥವಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಪಾಪಾ ನಿಜ ಹೇಳಿದ್ದು ನಿಮಗೊಬ್ಬರಿಗೇ" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು ಪಾಜಿ. ಅವಳು ನನಗೆ ಥ್ಯಾಂಕ್ಸ್ ಹೇಳಿದಳು.

ಇವತ್ತು ಶುಕ್ರವಾರ. ಪೂಜೆ ಮುಗಿಸಿ ಫೋನು ಮಾಡದೆ ಬಸ್ಸು ಹತ್ತಿ ಅಬ್ಬಾಸಿಯಾಕ್ಕೆ ಹೋದೆ. ರಾಜಯ್ಯನಿಗೂ ಇನ್ನೂ ಕೆಲಸವಿಲ್ಲ. ಬಾಗಿಲಲ್ಲೇ ನಿಂತು, "ಸಬ್ ಠೀಕ್ ಹೈ ಅಮ್ಮಾ, ಖಾನಾ ಹೋ ಗಯಾ" ಎಂದ. ನಾನು ಅವನನ್ನು ದಾಟಿ ಒಳಗೆ ಹೋಗಿ ಸ್ಟೋವಿನ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದೆ. ಅನ್ನ ಇತ್ತು. ಬಿಸಿಯಾಗಿಯೇ ಇತ್ತು. ನೋಡಿದಿರಲ್ಲ ಎಂದು ಅವನು ನಗುತ್ತಿದ್ದ, ನಾನು ಮುಚ್ಚಳ ಹಿಡಿದುಕೊಂಡು ಹೋ ಎಂದು ಅತ್ತೆ.

ಇಷ್ಟೇ ಅಲ್ಲವಾ ಪಾಜಿ, ನಾನು ಮಾಡಬೇಕಿದ್ದದ್ದು?

ನಿಮ್ಮ,
ಸಿಲ್ವಿ