ಅಪ್ಪನ ಸಾವಿರನೇ ರನ್ನು

೧೧ ಮಾರ್ಚ್, ಸೋಮವಾರ ಸಂಜೆ

ಪ್ರೀತಿಯ ಗುಬ್ಬಿಗೆ,

ಅಕ್ಕನ ನೆನಪುಗಳು. ನಿನ್ನ ಪತ್ರ ಬಂದು ಐದು ವಾರವಾಯಿತು. ಉತ್ತರ ಬರಲಿಲ್ಲವೆಂದು ನೀನು ಮುಖ ಊದಿಸಿಕೊಂಡಿದ್ದೀಯಂತೆ, ಅಮ್ಮ ಹೇಳಿದಳು. ತಪ್ಪು ನನ್ನದೇ. ಲ್ಯಾಬಿನಲ್ಲಿ ಇಬ್ಬರು ರಜೆ ಹಾಕಿದ್ದಾರೆ, ಊರಿಗೆಲ್ಲ ಒಟ್ಟಿಗೇ ಜ್ವರ ಬಂದಿದೆ. ದಿನಕ್ಕೆ ತೊಂಬತ್ತು ಜನರ ರಕ್ತ ನೋಡಿ ವರದಿ ಬರೆದ ಮೇಲೆ ಮತ್ತೆ ಪೆನ್ನು ಹಿಡಿಯಲು ಬೆರಳು ಒಪ್ಪುವುದಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವುದರೊಳಗೆ ನೀನು ಮೂರು ಮುಗಿಸಿರುತ್ತೀಯ. ಈ ಸುದ್ದಿಯನ್ನು ಪೂರ್ತಿಯಾಗಿ ಹೇಳಬೇಕು, ಅದಕ್ಕೇ ಪತ್ರ.

ಇಲ್ಲಿ ಎಲ್ಲರೂ ಸೌಖ್ಯ. ಅಮ್ಮನ ಕಣ್ಣಿನ ಪೊರೆ ತೆಗೆದಾಯಿತು, ಈಗ ಮೂಲೆಮೂಲೆಯ ಧೂಳೆಲ್ಲ ಕಾಣುತ್ತಿದೆ, ನನಗೇ ಕಷ್ಟಕ್ಕೆ ಬಂತು. ಇನ್ನು ದೊಡ್ಡ ಸುದ್ದಿ: ನಿನ್ನೆ ಅಪ್ಪನ ತಂಡ ಸೋತಿತು. ಇದರಲ್ಲೇನು ಸುದ್ದಿ ಅಂತ ನೀನು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮೂವತ್ತೊಂದು ವರ್ಷದಿಂದ ಭಾನುವಾರ ಸೋತು, ಚಹಾ ಕುಡಿದು, ಮನೆಗೆ ಬರುವುದೇ ಅವರ ಪದ್ಧತಿ. ಆದರೆ ನಿನ್ನೆಯಷ್ಟು ಯಾವತ್ತೂ ಸೋತಿರಲಿಲ್ಲ. ಇನ್ನೂರ ಹತ್ತು ರನ್ನಿನ ಸೋಲು. ಬರೆದವಳು ನಾನೇ, ಎರಡು ಸಲ ಕೂಡಿ ನೋಡಿದ್ದೇನೆ.

ನಿನಗೆ ಕ್ರಿಕೆಟ್ ಅಂದರೆ ಆಗದು, ಗೊತ್ತು. ಆದರೂ ಒಂದು ವಿಷಯ ತಿಳಿದಿರಲಿ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗ ಆ ತಂಡ ಕಟ್ಟಿದವರು. ಅಂದಿನಿಂದ ನಿನ್ನೆಯ ಆಟ ಶುರುವಾಗುವವರೆಗೆ ಅವರು ಹೊಡೆದ ರನ್ನು ಒಟ್ಟು ಒಂಬೈನೂರ ತೊಂಬತ್ತಾರು. ಬೇರೆಯವರು ಎರಡು ವರ್ಷದಲ್ಲಿ ಹೊಡೆಯುವುದನ್ನು ಅಪ್ಪ ಮೂವತ್ತೊಂದು ವರ್ಷ ಕೂಡಿಸಿದ್ದಾರೆ, ಯಾವಾಗಲೂ ಹತ್ತನೆಯವರಾಗಿ ಇಳಿದು, ಒಂದೋ ಎರಡೋ ಹೊಡೆದು. ಈ ಜನವರಿಯಲ್ಲಿ ಮಂಡಿ ನೋಡಿದ ಡಾಕ್ಟರು ಇನ್ನು ಓಡಕೂಡದು ಅಂದುಬಿಟ್ಟರು. ಅಪ್ಪ ಚೌಕಾಸಿ ಮಾಡಿ ಒಂದೇ ಒಂದು ಆಟಕ್ಕೆ ಅಪ್ಪಣೆ ತಂದರು. "ನಾಲ್ಕೇ ನಾಲ್ಕು ಬೇಕು. ಸಾವಿರ ಮಾಡಿ ಬಿಟ್ಟುಬಿಡ್ತೀನಿ" ಅಂತ ವಾರವೆಲ್ಲ ಅದೇ ಜಪ. ಅಮ್ಮ ಕೇಳಿ ಕೇಳಿ ಸಾಕಾಗಿ, "ಸಾವಿರ ಆದ್ರೆ ಏನು ಕೊಂಬು ಬರುತ್ತಾ? ನಾನು ಒಂದೇ ತಿಂಗಳಲ್ಲಿ ಸಾವಿರ ಪಾತ್ರೆ ತೊಳೀತೀನಿ, ಯಾರಾದ್ರೂ ಬರೆದಿಡ್ತಾರಾ?" ಅಂದಳು.

ಬರೆದಿಡುವವಳು ನಾನಲ್ಲವೇ! ಇಪ್ಪತ್ತೆರಡು ವರ್ಷದಿಂದ ಆ ಸ್ಕೋರ್ ಬುಕ್ಕು ನನ್ನ ಕೈಯಲ್ಲಿದೆ. ಹನ್ನೆರಡು ವರ್ಷದವಳಾಗುವವರೆಗೆ ಮನೆಯ ಹಿಂದೆ ಅಪ್ಪ ನನಗೆ ಬ್ಯಾಟು ಹಿಡಿಯಲು ಕಲಿಸಿದರು. ಆಮೇಲೆ ಬ್ಯಾಟು ತೆಗೆದಿಟ್ಟರು. ಇಪ್ಪತ್ತನಾಲ್ಕಾದಾಗ "ನಿನ್ನ ಅಕ್ಷರ ದುಂಡಗಿದೆ" ಅಂತ ಪೆನ್ನು ಕೊಟ್ಟರು, ಅಷ್ಟೇ. ಬುಕ್ಕಿನ ಮೊದಲ ಪುಟದಲ್ಲಿ ಅವರದೇ ಕೈಬರಹದ ಒಂದು ನಿಯಮವಿದೆ: "ಸಂಜೆ ಸಹಿಯಾದ ಮೇಲೆ ತಿದ್ದುವಂತಿಲ್ಲ." ಹಿಂದೆ ಯಾವುದೋ ಒಂದು ರನ್ನಿಗಾಗಿ ತಂಡದ ಇಬ್ಬರು ಎರಡು ವರ್ಷ ಮಾತು ಬಿಟ್ಟಿದ್ದರಂತೆ, ಅಂದಿನಿಂದ ಈ ಕಟ್ಟುಪಾಡು. ಆಟ ಮುಗಿದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಾರೆ, ಆಮೇಲೆ ಸಹಿ. ಇಷ್ಟು ವರ್ಷದಲ್ಲಿ ಓದದೆ ಸಹಿ ಮಾಡಿದ್ದನ್ನು ನಾನು ನೋಡಿಲ್ಲ.

ಎದುರಿನವರು ಕೊರಿಯರ್ ಕಂಪನಿಯ ಹುಡುಗರು. ವಾರದಲ್ಲಿ ಆರು ದಿನ ಮೆಟ್ಟಿಲು ಹತ್ತಿ ಇಳಿಯುವವರು, ಏಳನೆಯ ದಿನ ಬಂದು ನಮ್ಮ ಹೊಟ್ಟೆ ಬಂದವರ ಮೇಲೆ ಬಿದ್ದರು. ಎರಡೇ ವಿಕೆಟ್ಟಿಗೆ ಇನ್ನೂರ ಮೂವತ್ತೆಂಟು. ನಮ್ಮ ಕ್ಯಾಪ್ಟನ್ ಹಲ್ಲಿನ ಡಾಕ್ಟರು. ಕ್ಯಾಚ್ ಬಿಟ್ಟವರನ್ನೆಲ್ಲ "ಪರವಾಗಿಲ್ಲ, ನೋವಾಗಲ್ಲ, ಬಾಯಿ ತೆಗೀರಿ" ಅನ್ನುವ ದನಿಯಲ್ಲೇ ಸಮಾಧಾನ ಮಾಡುತ್ತಿದ್ದರು. ಒಟ್ಟು ಏಳು ಕ್ಯಾಚ್ ಬಿಟ್ಟರು. ಎಂಟನೆಯದನ್ನು ಹಿಡಿಯಲು ಹೋದ ನಮ್ಮ ಬಸ್ ಡ್ರೈವರ್ರಿಗೆ ಬೆರಳು ಸೀಳಿತು. ಅವರ ಅಡ್ಡಹೆಸರು ಹಾರ್ನ್, ಮೈದಾನದ ಆಚೆ ತುದಿಗೂ ಕೇಳುವ ಗಂಟಲು. ಆ ಕೂಗಿಗೆ ಬೇಲಿಯ ಮೇಲಿನ ಕಾಗೆಗಳೆಲ್ಲ ಎದ್ದವು. ಕ್ಯಾಪ್ಟನ್ನರು ಹಲ್ಲು ಕಿತ್ತಾಗ ಇಡುವ ಹತ್ತಿಯನ್ನೇ ಇಟ್ಟು ಕಟ್ಟಿದರು. ಹಾರ್ನ್ ಬ್ಯಾಟು ಹಿಡಿಯುವುದು ಸಾಧ್ಯವಿಲ್ಲ ಅಂತ ಆಯಿತು.

ನಾವು ಆಡಿದ್ದನ್ನು ವಿವರವಾಗಿ ಬರೆದರೆ ಕಾಗದಕ್ಕೆ ಅವಮಾನ. ಇಪ್ಪತ್ತಾರು ರನ್ನಿಗೆ ಒಂಬತ್ತು ಜನ ಮುಗಿದರು. ಅದರಲ್ಲೂ ಹನ್ನೊಂದು ರನ್ನು ಎದುರಿನವರು ವೈಡ್ ಎಸೆದು ಧರ್ಮಕ್ಕೆ ಕೊಟ್ಟದ್ದು. ಅಪ್ಪ ಮಾತ್ರ ಒಂದು ರನ್ನು ಮಾಡಿ ಒಂದು ತುದಿಯಲ್ಲಿ ನಿಂತಿದ್ದರು. ಒಂಬೈನೂರ ತೊಂಬತ್ತೇಳು. ಇನ್ನು ಹನ್ನೊಂದನೆಯವರಾಗಿ ಇಳಿಯಬೇಕಾದ ಹಾರ್ನ್ ಕೈ ಎತ್ತಿಕೊಂಡು ಮರದ ಕೆಳಗೆ ಕೂತಿದ್ದರು. ಜೊತೆಗೆ ಓಡುವವರಿಲ್ಲದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ, ಅಪ್ಪನ ಸಾವಿರವೂ ಅಲ್ಲಿಗೇ ನಿಲ್ಲುತ್ತದೆ.

ಕ್ಯಾಪ್ಟನ್ನರು ಎದುರಿನವರನ್ನು ಕೇಳಿ ಬಂದು, "ಅಕ್ಕಾ, ನೀವೇ ಹೋಗಿ. ಅವರು ಒಪ್ಪಿದ್ದಾರೆ" ಅಂದರು.

"ಬುಕ್ಕು ಯಾರು ಬರೀತಾರೆ?"

"ಹಾರ್ನ್ ಬರೀತಾನೆ, ಎಡಗೈಲಿ."

"ಅವರ ಬಲಗೈ ಅಕ್ಷರವೇ ಓದಕ್ಕಾಗಲ್ಲ" ಅಂದೆ. ಆದರೂ ಎದ್ದೆ. ಹಿಂದೆ ಒಂದು ಸಲ ಹೀಗೆಯೇ ಆಳು ಕಮ್ಮಿ ಬಿದ್ದಾಗ ನಿನ್ನ ಗಂಡನನ್ನು ಇಳಿಸಿದ್ದರು, ನೆನಪಿದೆಯಾ? ಹೊಸ ಅಳಿಯ, ಛತ್ರಿ ಹಿಡಿದ ಹಾಗೆ ಬ್ಯಾಟು ಹಿಡಿದು ಹೋಗಿ ಮೊದಲನೆಯ ಚೆಂಡಿಗೇ ವಾಪಸ್ ಬಂದರು. ನನಗೆ ಅದು ನೆನಪಾಯಿತು. ಪ್ಯಾಡಿನ ಪಟ್ಟಿ ಬಿಗಿಯುವಾಗ ನಲವತ್ತಾರನೆಯ ವಯಸ್ಸಿಗೆ ಇದೇನು ಕರ್ಮ ಅನ್ನಿಸಿತು. ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅಪ್ಪ ಅರ್ಧ ದಾರಿಗೆ ಬಂದು, "ಹೊಡೆಯೋದು ನಾನು. ನೀನು ಕರೆದಾಗ ಓಡಿ ಬಾ, ಅಷ್ಟು ಸಾಕು" ಅಂದರು. ಮುಂದಿನ ಚೆಂಡನ್ನು ಅವರು ಪಕ್ಕಕ್ಕೆ ತಳ್ಳಿದರು. ಎರಡು ಓಡಿದೆವು. ಅವರ ಮಂಡಿ ಕಟಕಟ ಅನ್ನುವುದು ನನಗೆ ಕೇಳುತ್ತಿತ್ತು. ಒಂಬೈನೂರ ತೊಂಬತ್ತೊಂಬತ್ತು. ಮರದ ಕೆಳಗಿಂದ ಹಾರ್ನ್ ಬೆರಳಿನ ನೋವು ಮರೆತು ಕೂಗಿದರು.

ಆಮೇಲಿನದನ್ನು ಹೇಳಬೇಕಾದರೆ ನಿನಗೆ ಒಂದು ಪಾಠ ಮಾಡಬೇಕು. ಚೆಂಡು ಬ್ಯಾಟಿಗೆ ತಾಗಿ ಹೋಗಿ ಓಡಿದರೆ ಆ ರನ್ನು ಆಡಿದವರ ಹೆಸರಿಗೆ. ಬ್ಯಾಟಿಗೆ ತಾಗದೆ ಕಾಲಿಗೆ ಬಡಿದು ಹೋಗಿ ಓಡಿದರೆ ಅದು ಲೆಗ್ ಬೈ, ತಂಡಕ್ಕೆ ಸೇರುತ್ತದೆ, ಆಡಿದವರ ಹೆಸರಿಗೆ ಸೊನ್ನೆ. ಲೆಗ್ ಬೈ ಆದರೆ ಅಂಪೈರ್ ಮಂಡಿ ಎತ್ತಿ ಕೈಯಿಂದ ಮುಟ್ಟಿ ತೋರಿಸುತ್ತಾರೆ, ಅದನ್ನು ನೋಡಿ ನಾನು ಬರೆಯುತ್ತೇನೆ. ಇಪ್ಪತ್ತೆರಡು ವರ್ಷ ಪ್ರತಿ ಚೆಂಡಿಗೂ ನಾನು ಮಾಡಿದ್ದು ಇಷ್ಟೇ, ಸದ್ದು ಕೇಳುವುದು, ಅಂಪೈರ್ ಕಡೆ ತಿರುಗುವುದು.

ಮುಂದಿನ ಚೆಂಡು ಅಪ್ಪನ ಹತ್ತಿರ ಟಕ್ ಅಂದಿತು. ಬ್ಯಾಟೋ ಕಾಲೋ ತಿಳಿಯಲಿಲ್ಲ. ಅಪ್ಪ "ಬಾ" ಅಂದರು. ನಾನು ಅಂಪೈರ್ ಕಡೆ ತಿರುಗಿದೆ.

ಅಂಪೈರ್ ಆಗಿ ನಿಂತಿದ್ದವರು ನಮ್ಮ ಟೈಲರ್. ಅವರು ಮಂಡಿ ಎತ್ತುತ್ತಾರೋ ಇಲ್ಲವೋ ಅಂತ ನಾನು ನೋಡುತ್ತಾ ನಿಂತೆ, ಅವರು ನನ್ನನ್ನು ನೋಡುತ್ತಾ "ಅಮ್ಮಾ, ಓಡಿ" ಅಂದರು. ತಿರುಗಿದರೆ ಅಪ್ಪ ಎದುರಿಗೇ ಬಂದು ನಿಂತಿದ್ದಾರೆ. ಹಿಂದಕ್ಕೆ ಹೋಗಲು ಮಂಡಿಗೆ ಆಗದು. ಆ ತುದಿಯಲ್ಲಿ ವಿಕೆಟ್ ಬೀಳಿಸಿಯಾಗಿತ್ತು. ಅಪ್ಪ ರನ್ ಔಟ್.

ಅಪ್ಪ ಬೈಯಲಿಲ್ಲ. ಉಸಿರು ಹಿಡಿದುಕೊಂಡು, "ಬ್ಯಾಟಿಗೇ ತಾಗಿತ್ತು ಕಣಮ್ಮಾ" ಅಂದರು. ಅಷ್ಟೇ.

ಇಪ್ಪತ್ತೆಂಟಕ್ಕೆ ಆಲೌಟ್. ನಾನು ಔಟಾಗದೆ ಸೊನ್ನೆ. ಹಾರ್ನ್ ನನ್ನ ಹೆಸರನ್ನು ತಪ್ಪಾಗಿ ಬರೆದಿದ್ದರು, ಸರಿ ಮಾಡಿದೆ.

ಚಹಾ ಕುಡಿಯುವಾಗ ಎಲ್ಲರೂ ಸಾವಿನ ಮನೆಯವರ ಹಾಗೆ ಲೋಟ ನೋಡುತ್ತಿದ್ದರು. ಕ್ಯಾಪ್ಟನ್ನರು ನನ್ನ ಪಕ್ಕಕ್ಕೆ ಬಂದು, "ಅಕ್ಕಾ, ಒಂದೇ ಒಂದು ರನ್ನು. ವೈಡ್‌ಗಳಲ್ಲಿ ಒಂದು ತೆಗೆದು ಅವರ ಹೆಸರಿಗೆ ಹಾಕಿಬಿಡಿ. ಇನ್ನೂ ಸಹಿ ಆಗಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತೆ?" ಅಂದರು. ಕೊರಿಯರ್ ಹುಡುಗರ ಕ್ಯಾಪ್ಟನ್ನೂ "ನಮ್ಮದೇನೂ ಅಡ್ಡಿಯಿಲ್ಲ, ಅಂಕಲ್‌ಗೆ ಎರಡು ಬೇಕಾದ್ರೂ ಕೊಡಿ" ಅಂದ. ಅಪ್ಪನಿಗೆ ಕೇಳಿಸಿತು. ಅವರು ಕನ್ನಡಕ ಒರೆಸುತ್ತಾ, ಎಲ್ಲರಿಗೂ ಕೇಳುವ ಹಾಗೆ, "ನನ್ನ ಮಗಳು ಆಗದ್ದನ್ನು ಆಯಿತು ಅಂತ ಬರೆಯೋಳಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ರನ್ನು ಆಕಡೆ ಈಕಡೆ ಆಗಿಲ್ಲ. ಬುಕ್ಕು ಕೊಡಮ್ಮಾ ಇಲ್ಲಿ" ಅಂದರು. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಸಹಿ ಮಾಡಿದರು.

ಮನೆಗೆ ಬಂದ ಮೇಲೆ ಅಮ್ಮ "ಆಯ್ತಾ ಸಾವಿರ?" ಅಂತ ಕೇಳಿ, ನಮ್ಮಿಬ್ಬರ ಮುಖ ನೋಡಿ, ಬಿಸಿನೀರು ಕಾಯಿಸಲು ಒಳಗೆ ಹೋದಳು. ಅಪ್ಪ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡರು. ಆಮೇಲೆ, "ಬರೋ ಭಾನುವಾರದಿಂದ ನನ್ನ ಜಾಗದಲ್ಲಿ ನೀನು ಆಡು. ಬುಕ್ಕು ನಾನು ಬರೀತೀನಿ. ಕ್ಯಾಪ್ಟನ್‌ಗೆ ಹೇಳಿಯಾಯ್ತು" ಅಂದರು. ನೋಡೋಣ ಅಂದೆ. ಅಮ್ಮ ಒಳಗಿಂದಲೇ "ಇದೊಂದು ಬಾಕಿ ಇತ್ತು" ಅಂದಳು.

ಇಷ್ಟೇ ಸಮಾಚಾರ. ಮಕ್ಕಳಿಬ್ಬರಿಗೂ ನನ್ನ ಮುತ್ತು, ನಿನ್ನ ಗಂಡನಿಗೆ ನನ್ನ ನಮಸ್ಕಾರ. ಅವರ ಸೊನ್ನೆಗೆ ಈಗ ಮನೆಯಲ್ಲೇ ಜೊತೆ ಸಿಕ್ಕಿತು ಅಂತ ಹೇಳು. ಬೆನ್ನುನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ತಪ್ಪಿಸಬೇಡ. ನೀವೆಲ್ಲ ತಣ್ಣಗಿರಿ.

ನಿನ್ನ
ಅಕ್ಕ

ಮರೆತ ಮಾತು (ಮಂಗಳವಾರ ಬೆಳಿಗ್ಗೆ): ನಿನ್ನೆಯೇ ಲಕೋಟೆ ಅಂಟಿಸಬೇಕಿತ್ತು, ಆಗಲಿಲ್ಲ. ಮರೆತ ಮಾತು ಅಂತ ಬರೆದೆ, ಮರೆತದ್ದಲ್ಲ.

ನಿನ್ನ ಗಂಡ ಆಡಿದ ಆ ದಿನ, ಹದಿನಾಲ್ಕು ವರ್ಷದ ಹಿಂದೆ, ಒಬ್ಬರು ಕಮ್ಮಿ ಅಂತ ಗೊತ್ತಾದಾಗ ಮೊದಲು ಕೇಳಿದ್ದು ನಾನು. ಬೂಟು ಹಾಕಿಕೊಂಡೇ ಹೋಗಿದ್ದೆ. "ಅಪ್ಪಾ, ನಾನು ಬರಲಾ?" ಅಂದೆ. ಅಪ್ಪ ಎಲ್ಲರೆದುರಿಗೆ ನಕ್ಕು, "ನೀನು ನಿಂತ್ರೆ ಅವರು ಚೆಂಡು ಎಸೆಯೋದು ಬಿಟ್ಟು ಹೊಟ್ಟೆ ಹಿಡ್ಕೊಂಡು ನಗ್ತಾರೆ, ಹೋಗಿ ಬರಿ" ಅಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ, ಗುಬ್ಬಿ. ನಿನ್ನ ಮೇಲೆ ಕೋಪವಿಲ್ಲ. ಅಪ್ಪನ ಮೇಲೆ ಇತ್ತು.

ಅದೇ ಆಟದಲ್ಲಿ ಅಪ್ಪ ಒಂದು ಚೆಂಡನ್ನು ಬೇಲಿಗೆ ಹೊಡೆದರು. ನಾಲ್ಕು. ಬ್ಯಾಟಿನ ನಡುವಿನಿಂದ ಹೋದದ್ದು, ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ನಾನು ಅದನ್ನು ನಾಲ್ಕು ಲೆಗ್ ಬೈ ಅಂತ ಬರೆದೆ. ಕೈ ತಪ್ಪಿ ಬರೆದದ್ದಲ್ಲ. ಎರಡು ದಿನದಲ್ಲಿ ಕೋಪ ಇಳಿಯಿತು, ಆದರೆ ಸಹಿ ಆಗಿತ್ತು. ಆ ನಾಲ್ಕು ಸೇರಿದರೆ, ಭಾನುವಾರ ಮೈದಾನಕ್ಕೆ ಇಳಿಯುವಾಗಲೇ ಅಪ್ಪನಿಗೆ ಸಾವಿರ ಆಗಿತ್ತು.

ಇವತ್ತು ಬೆಳಿಗ್ಗೆ ಆ ಹಳೆಯ ಬುಕ್ಕು ತೆಗೆದು ನೋಡಿದೆ. ನನ್ನ ದುಂಡನೆಯ ಅಕ್ಷರದಲ್ಲಿ ನಾಲ್ಕು ಲೆಗ್ ಬೈ. ಕೆಳಗೆ ಅಪ್ಪನ ಸಹಿ. ಓದದೆ ಅವರು ಸಹಿ ಮಾಡುವುದಿಲ್ಲ ಅಂತ ನಾನೇ ಮೇಲೆ ಬರೆದಿದ್ದೇನೆ. ತಾನು ಹೊಡೆದ ಬೌಂಡರಿ ಬ್ಯಾಟಿಗೆ ತಾಗಿತ್ತೋ ಕಾಲಿಗೆ ತಾಗಿತ್ತೋ ಆಡಿದವರಿಗೆ ಗೊತ್ತಿರುವುದಿಲ್ಲವೇ? ಅವರು ಅದನ್ನು ಓದಿದ್ದಾರೆ, ಯಾಕೆ ಅಂತಲೂ ತಿಳಿದಿದ್ದಾರೆ, ಸಹಿ ಮಾಡಿದ್ದಾರೆ, ಹದಿನಾಲ್ಕು ವರ್ಷ ಒಂದು ಮಾತು ಎತ್ತಿಲ್ಲ. ಭಾನುವಾರ ಎಲ್ಲರೆದುರಿಗೆ ನನ್ನ ಲೆಕ್ಕವನ್ನು ಹೊಗಳಿದರು.

ಹೋಗಿ ಕಾಲು ಹಿಡಿಯಲೇ ಅಂತ ಎದ್ದೆ. ಅಪ್ಪ ಹೊರಗೆ ಕೂತು ನನ್ನ ಕೈಗೆ ಸರಿಯಾಗುವಂತೆ ಅವರ ಬ್ಯಾಟಿನ ಹಿಡಿಗೆ ಹೊಸ ರಬ್ಬರ್ ಹಾಕುತ್ತಿದ್ದರು. ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ.

ಬರುವ ಭಾನುವಾರ ಬುಕ್ಕು ಅವರ ಕೈಯಲ್ಲಿರುತ್ತದೆ, ಗುಬ್ಬಿ. ನಾನು ಹೊಡೆದದ್ದು ಬ್ಯಾಟಿಗೆ ತಾಗಿದರೆ ಬ್ಯಾಟಿಗೆ ಅಂತಲೇ ಅವರು ಬರೆಯುತ್ತಾರೆ.