ಗುಳೇದಗುಡ್ಡದ ಬಿಗಿಗಾಲು

ಗುಳೇದಗುಡ್ಡ,
ಹದಿಮೂರನೆಯ ತಿಂಗಳಾದ ಬಿಸಿಲುಮಾಸದ ಮೊದಲ ವಾರ.
ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ ೨೨೧೯.

ನನಗಿಂತ ಇನ್ನೂರು ವರ್ಷ ಹಿರಿಯರಾದ, ಈಗಷ್ಟೇ ಆಪರೇಶನ್ ಮುಗಿಸಿಕೊಂಡು ಹಾಸಿಗೆಯಲ್ಲಿರುವ ನಿಮಗೆ ಬನಶಂಕರಿ ಹುನಗುಂಡಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ತನ್ನ ತಿಂಗಳುಗಳಲ್ಲಿ ಹಿಡಿಸದಷ್ಟು ಬೆಳೆದಾಗ ನಮ್ಮ ಅಜ್ಜಂದಿರು ಪಂಚಾಂಗವನ್ನು ಮತ್ತೆ ಕತ್ತರಿಸಿ, ಅದಕ್ಕೆಂದೇ ಒಂದು ಹೊಸ ತಿಂಗಳು ಬಿಟ್ಟುಕೊಟ್ಟರು. ನಾನು ಬಳಸುವ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ನಡುನಡುವೆ ಬಿಡಿಸಿ ಹೇಳುತ್ತೇನೆ.

ನಮ್ಮ ಊರು ನಿಮ್ಮ ಕಾಲದಲ್ಲಿ ಕುಪ್ಪಸದ ಖಣಕ್ಕೆ ಹೆಸರಾಗಿತ್ತಂತೆ. ಈಗಲೂ ಖಣ ನೇಯುವವರಿದ್ದಾರೆ. ಆದರೆ ಬಿಸಿಲುಮಾಸದಲ್ಲಿ ಮಗ್ಗಗಳನ್ನು ಗುಡ್ಡದೊಳಗೆ ಕೊರೆದ ತಂಪುಗೂಡುಗಳಿಗೆ ಇಳಿಸಿಕೊಳ್ಳುತ್ತೇವೆ. ಬೆಳಗಿನ ರೊಟ್ಟಿ ಬಡಿಯುವ ಸದ್ದು ಮುಗಿದ ಸ್ವಲ್ಪ ಹೊತ್ತಿಗೆ ಬೀದಿಗಳು ಖಾಲಿಯಾಗುತ್ತವೆ, ಊರು ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೆ ನಾವು ಮುಚ್ಚುಹೊತ್ತು ಎನ್ನುತ್ತೇವೆ. ಹೊತ್ತು ಇಳಿದ ಮೇಲೆ ಮತ್ತೆ ಸಂತೆ, ಜಗಳ, ಗರಡಿ, ಎಲ್ಲವೂ. ನನ್ನ ಕೆಲಸ ಮಗ್ಗದ್ದಲ್ಲ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಜಗ್ಗುನೂಲಿನಿಂದ ಗರಡಿಯವರಿಗೆ ತೋಳುಚೀಲ ಹೆಣೆಯುತ್ತೇನೆ. ನನ್ನ ಹೆಣಿಗೆಯಂತ್ರವನ್ನು ಕೈಯಿಂದಲೇ ತಿರುಗಿಸಬೇಕು.

ನನ್ನ ತಾಯಿ ಕಳಕವ್ವ ಗರಡಿಯಲ್ಲಿ ಮಲ್ಲಕಂಬ ಕಲಿಸುವ ಉಸ್ತಾದಿ. ಅರವತ್ತು ದಾಟಿದರೂ ಕಂಬಕ್ಕೆ ಕಾಲು ಸುತ್ತಿ ತಲೆಕೆಳಗಾಗಿ ನಿಂತಳೆಂದರೆ, ನೋಡುವವರಿಗೇ ಉಸಿರು ಕಟ್ಟುತ್ತಿತ್ತು. ತನ್ನ ಕಾಲುಗಳ ಬಗ್ಗೆ ಆಕೆಗೆ ಬಹಳ ಅಭಿಮಾನ. ಕೆಲವು ವರ್ಷಗಳ ಹಿಂದೆ, ಇಂಥದೇ ಬಿಸಿಲುಮಾಸದ ಒಂದು ದಿನ ಬುಡ ಸೀಳಿದ್ದ ಕಂಬ ಆಕೆಯ ಸಮೇತ ಮಗುಚಿತು. ಸೊಂಟದ ಕೀಲು ಮುರಿಯಿತು. ಗುಡ್ಡದ ಆಸ್ಪತ್ರೆಯಲ್ಲಿ ಡಾಕ್ಟರ್ ಇಂದುಧರ ಪಟ್ಟೇದ ಅವರು ಆಪರೇಶನ್ ಮಾಡಿ ಹೊಸ ಕೀಲು ಕೂಡಿಸಿದರು.

ನಿಮ್ಮಲ್ಲಿ ಹೇಗೋ ಹಾಗೆಯೇ ನಮ್ಮಲ್ಲೂ, ಆಪರೇಶನ್ ಆದವರು ಕಾಲು ಅಲುಗಿಸದೆ ಮಲಗಿದರೆ ಮೀನಖಂಡದ ರಕ್ತ ಹೆಪ್ಪುಗಟ್ಟುತ್ತದೆ. ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಮನುಷ್ಯನ ರಕ್ತ ಇನ್ನೂರು ವರ್ಷದಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಕಾವಲು. ನಮ್ಮಲ್ಲಿ ರೋಗಿಯ ರಕ್ತನಾಳದೊಳಗೆ ಒಳಗಾವಲು ಬಿಡುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಯಂತ್ರಗಳು, ಹೆಪ್ಪು ಕಂಡಲ್ಲಿ ಒಡೆಯುತ್ತವೆ. ಅವುಗಳಿಗೆ ಅಪ್ಪಣೆ ಬರುವುದು ಆಕಾಶದಲ್ಲಿ ಸುತ್ತುವ ಬಾನಗೂಡುಗಳಿಂದ.

ತಾಯಿಯ ಆಪರೇಶನ್ ಆದ ಮರುದಿನವೇ ಸೂರ್ಯಸಿಡಿಲು ಬಡಿಯಿತು. ಸೂರ್ಯನಿಂದ ಚಿಮ್ಮಿದ ಕಾಣದ ಬೆಂಕಿ ಬಾನಗೂಡುಗಳನ್ನು ಸುಟ್ಟಿತು. ದೀಪ ಹೋಯಿತು, ಬಂಡಿಗಳು ನಿಂತವು, ರೋಗಿಗಳ ಮೈಯೊಳಗಿನ ಒಳಗಾವಲು ಮಂಕಾಗಿ ಕೂತಿತು. ರಕ್ತ ತಿಳಿಗೊಳಿಸುವ ಸೂಜಿಮದ್ದು ಆಸ್ಪತ್ರೆಯಲ್ಲಿ ಆಪರೇಶನ್ ಆಗಿ ಮಲಗಿದ್ದ ನಾಲ್ಕು ಮಂದಿಗೂ ಸಾಲುವಷ್ಟಿರಲಿಲ್ಲ. ಇದ್ದದ್ದನ್ನೂ ನನ್ನ ತಾಯಿಗೆ ಕೊಡುವಂತಿರಲಿಲ್ಲ. ಆಕೆಯ ಹೊಟ್ಟೆಯ ಹುಣ್ಣು ಅದಾಗಲೇ ರಕ್ತ ಕಾರುತ್ತಿತ್ತು.

ಪಕ್ಕದ ಹಾಸಿಗೆಯಲ್ಲಿ ದಾದಾಪೀರ್ ನದಾಫ ಇದ್ದರು. ಹಾಸಿಗೆ ತುಂಬುವ ಮನೆತನದವರು, ಮಾತುಗಾರರು. ಹರ್ನಿಯಾದ ಆಪರೇಶನ್ ಆಗಿತ್ತು. ಸೂರ್ಯಸಿಡಿಲು ಬಡಿದ ಮಾರನೆಯ ಬೆಳಿಗ್ಗೆ ಅವರು ತಾಯಿಗೆ, "ಕಳಕವ್ವಾ, ಎಡಗಾಲ ಮೀನಖಂಡ ಯಾಕೋ ಹಿಡದಂಗ ಆಗೇತಿ ನೋಡು. ಮಲಗಿ ಮಲಗಿ ಜಡ್ಡಾತು" ಎಂದು ನಕ್ಕರು. ಮಧ್ಯಾಹ್ನ ಎದೆ ಹಿಡಿದುಕೊಂಡು ಎದ್ದು ಕೂತವರು, ಉಸಿರಿಗಾಗಿ ಬಾಯಿ ತೆರೆದು, ಹಾಗೆಯೇ ಹಿಂದಕ್ಕೆ ವಾಲಿದರು. ಡಾಕ್ಟರು ಅವರ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. ಇನ್ನು ಸಾಕೆಂದು ನರ್ಸ್ ಹೇಳಬೇಕಾಯಿತು.

ಆ ಸಂಜೆಯೇ ಡಾಕ್ಟರು ನನ್ನ ಹೆಣಿಗೆಕೋಣೆಗೆ ಬಂದರು. ಕಣ್ಣು ಕೆಂಪಾಗಿದ್ದವು.

"ಬನಶಂಕರಿ, ಹಿಂದಿನವರು ಆಪರೇಶನ್ ಆದವರ ಕಾಲಿಗೆ ಬಿಗಿಚೀಲ ಹಾಕ್ತಿದ್ರು. ಓದಿದ್ದು ಗೊತ್ತೈತಿ, ಕಣ್ಣಿಂದ ನೋಡಿಲ್ಲ. ಪಾದದ ಹರಡಿನ ಹತ್ರ ಹೆಚ್ಚು ಬಿಗಿ, ಮ್ಯಾಲ ಹೋದಂಗ ಕಡಿಮಿ. ರಕ್ತ ಮ್ಯಾಲಕ್ಕ ಹರೀಬೇಕು. ನಿನಗ ಆಗ್ತೈತೇನು?"

"ಆಗ್ತೈತಿ. ಎಷ್ಟು ಬಿಗಿ ಅನ್ನೂದು ನೀವು ಹೇಳಬೇಕು" ಎಂದೆ.

ಅವರು ರಕ್ತದೊತ್ತಡ ಅಳೆಯುವ ಹಳೆಯ ಪಾದರಸದ ಕೊಳವೆ ತಂದರು. ಡಾಕ್ಟರು ತಮ್ಮ ಕಾಲಿಗೇ ಚೀಲ ಹಾಕಿಕೊಂಡರು, ಅದರೊಳಗೆ ಗಾಳಿಯ ಪುಟ್ಟ ತಿತ್ತಿ ಇಟ್ಟು ಒತ್ತಡ ನೋಡಿದೆವು. ಮೊದಲ ಜೊತೆ ಹಾಳಾಯಿತು. ಮೇಲಿನ ಅಂಚು ಸುರುಳಿಯಾಗಿ ಡಾಕ್ಟರ ತೊಡೆಗೇ ಹುರಿ ಕಟ್ಟಿದಂತೆ ಗೆರೆ ಬಿತ್ತು. "ಇದು ರಕ್ತ ಏರಿಸೂದಿಲ್ಲ, ಕಟ್ಟಿ ಹಾಕ್ತೈತಿ" ಎಂದು ಕಿತ್ತೆಸೆದರು. ನಾನು ಬಿಚ್ಚಿದೆ, ಮತ್ತೆ ಹೆಣೆದೆ. ಅವರು ಪಾದರಸ ನೋಡಿ ಬೇಕಾದ ಬಿಗಿ ಹೇಳುವರು, ನಾನು ಹೆಣಿಗೆಯ ಕುಣಿಕೆ ಬಿಗಿ ಮಾಡುವೆ. ಕೊನೆಗೆ ಚೀಲ ಅವರ ಕಾಲಿಗೆ ಎಲ್ಲಿಯೂ ಸುಕ್ಕಿಲ್ಲದೆ ಕೂತಿತು. ಇಬ್ಬರೂ ನೆಲದ ಮೇಲೆ ಕೂತು ನಕ್ಕುಬಿಟ್ಟೆವು. ಬಿಗಿಗಾಲು ಎಂಬ ಹೆಸರು ಆಗ ಬಿದ್ದದ್ದು.

ಆದರೆ ಒಬ್ಬರ ಅಳತೆ ಇನ್ನೊಬ್ಬರಿಗೆ ಬರುವುದಿಲ್ಲ. ಉಳಿದವರು ಮೂವರು. ಅವರಲ್ಲಿ ಒಬ್ಬ ಮುದುಕರ ಪಾದದಲ್ಲಿ ನಾಡಿಯೇ ಸರಿಯಾಗಿ ಸಿಗಲಿಲ್ಲ. ಸಕ್ಕರೆ ಕಾಯಿಲೆಯಿಂದ ರಕ್ತ ಕೆಳಗೆ ಇಳಿಯುವ ದಾರಿಯೇ ಕಟ್ಟಿತ್ತು. ಅಂಥವರಿಗೆ ಚೀಲ ಹಾಕಿದರೆ ಬೆರಳು ಸಾಯುತ್ತವೆಂದು ಡಾಕ್ಟರು ಇದ್ದ ಸೂಜಿಮದ್ದನ್ನು ಅವರಿಗೆ ಮೀಸಲಿಟ್ಟರು. ಇನ್ನಿಬ್ಬರು ನನ್ನ ತಾಯಿ ಮತ್ತು ಹೊಟ್ಟೆ ಕೊಯ್ದು ಹೆರಿಗೆಯಾಗಿದ್ದ ಗಿರಿಜವ್ವ ಮೇಟಿ. ಡಾಕ್ಟರ ಚೀಲ ಬಿಚ್ಚಿದರೂ ನನ್ನ ಬಳಿಯಿದ್ದ ಜಗ್ಗುನೂಲು ಒಂದು ಜೊತೆಗೆ ಮಾತ್ರ ಸಾಲುತ್ತಿತ್ತು.

"ಕಳಕವ್ವನವರದು ಸೊಂಟದ ಆಪರೇಶನ್. ಅಪಾಯ ಅವರಿಗೇ ಹೆಚ್ಚು, ಮೊದಲು ಅವರದು" ಎಂದರು ಡಾಕ್ಟರು.

ಅಳತೆಪಟ್ಟಿ ಹಿಡಿದು ಹೋದರೆ ತಾಯಿ ಕಾಲು ಹೊದಿಕೆಯೊಳಗೆ ಎಳೆದುಕೊಂಡಳು.

"ಆ ಹುಡುಗಿ ಮಗ್ಗಲಾಗ ಕೂಸೈತಿ. ಆಕೀದು ಮೊದಲ ಆಗಲಿ."

"ಅವ್ವಾ, ಡಾಕ್ಟರು ಹೇಳಿದ್ದು ಕೇಳಿಸಲಿಲ್ಲೇನು?"

"ಕೇಳಿಸ್ತು. ದಾದಾಪೀರ್ ಸತ್ತಿದ್ದೂ ಕಂಡೀನಿ, ನನ್ನ ಕಣ್ಣ ಮುಂದ. ಅಂಜಿಕಿ ಇಲ್ಲಂತ ಹೇಳೂದಿಲ್ಲ." ಆಕೆ ನನ್ನ ಕೈ ಹಿಡಿದುಕೊಂಡಳು. "ಬನ್ನೀ, ನೂಲು ನಿನ್ನ ಕೈಯಾಗೈತಿ. ನನ್ನ ಮಾತು ನಡಸವ್ವ."

ನಾನು ಡಾಕ್ಟರ ಮುಖ ನೋಡಿದೆ. ಅವರು, "ಕಾಲು ಅವರದು, ಜೀವಾನೂ ಅವರದು" ಎಂದರು. ನಾನು ಗಿರಿಜವ್ವನ ಕಾಲು ಅಳೆದೆ. ಯಂತ್ರ ತಿರುಗಿಸತೊಡಗಿದೆ. ಒಂದೊಂದು ಕುಣಿಕೆಯೂ ನನ್ನ ತಾಯಿಯಿಂದ ಕಿತ್ತು ಬೇರೆಯವರಿಗೆ ಕೊಡುತ್ತಿರುವಂತೆ ಅನ್ನಿಸಿತು. ಆದರೂ ಒಂದು ಕುಣಿಕೆಯನ್ನೂ ಸಡಿಲ ಬಿಡಲಿಲ್ಲ.

ಅತ್ತ ತಾಯಿ ಸುಮ್ಮನೆ ಮಲಗಿರಲಿಲ್ಲ. ಡಾಕ್ಟರು ಪಾದ ಆಡಿಸುತ್ತಿರಿ ಎಂದಿದ್ದೇ ತಡ, ವಾರ್ಡನ್ನೇ ಗರಡಿ ಮಾಡಿಬಿಟ್ಟಳು. "ಪಾದ ಮ್ಯಾಲ! ಪಾದ ಕೆಳಗ! ಏ ಗಿರಿಜಾ, ಕೂಸಿಗೆ ಹಾಲು ಕುಡಸ್ತಾನೂ ಆಡಸಬಹುದು. ಬಾಯಿಗೆ ಹೇಳಿಲ್ಲ, ಪಾದಕ್ಕ ಹೇಳೇನಿ!" ನೋವಿಗೆ ಆಕೆಯ ಹಣೆಯ ಮೇಲೆ ಬೆವರಿತ್ತು, ದನಿಯಲ್ಲಿ ಮಾತ್ರ ನೋವಿರಲಿಲ್ಲ.

ನೂಲು ತೀರಿದ ಸುದ್ದಿ ಗರಡಿಗೆ ಹೇಗೆ ಮುಟ್ಟಿತೋ ತಿಳಿಯದು. ಮರುದಿನ ಮುಚ್ಚುಹೊತ್ತಿನಲ್ಲಿ, ನಾಯಿಯೂ ಹೊರಗೆ ಕಾಲಿಡದ ಆ ಬೆಂಕಿಯಲ್ಲಿ, ತಲೆಗೆ ಒದ್ದೆ ಗೋಣಿ ಹೊದ್ದು ತಾಯಿಯ ಶಿಷ್ಯರೆಲ್ಲ ನನ್ನ ಬಾಗಿಲಿಗೆ ಬಂದರು. ನಾನೇ ಹೆಣೆದುಕೊಟ್ಟಿದ್ದ ತೋಳುಚೀಲಗಳನ್ನು ರಾಶಿ ಹಾಕಿದರು. ಪಂದ್ಯ ಗೆದ್ದಾಗ ತೊಟ್ಟವೂ ಅದರಲ್ಲಿದ್ದವು. "ಬಿಚ್ಚಕ್ಕಾ, ಉಸ್ತಾದಿ ಕಾಲಿಗಿಂತ ಇದು ಹೆಚ್ಚೇನು?" ಎಂದರು. ಎಲ್ಲರೂ ಕೂತು ನೂಲು ಬಿಚ್ಚಿದರು. ಸವೆದದ್ದನ್ನು ಬೇರೆ ಮಾಡಿ, ಜೀವವಿದ್ದ ಎಳೆಯಿಂದ ಹೆಣೆದೆ. ಬಣ್ಣಬಣ್ಣದ ಚೀಲವಾಯಿತು.

ಡಾಕ್ಟರು ಮೊದಲು ಆಕೆಯ ಮೀನಖಂಡಗಳನ್ನು ಒತ್ತಿ, ಅಳೆದು ನೋಡಿದರು. ಎರಡೂ ಒಂದೇ ಸಮ, ಬಾವಿರಲಿಲ್ಲ. ಚೀಲ ಏರಿಸಲು ಮೂವರು ಬೇಕಾಯಿತು. "ಹಾವು ಕಪ್ಪಿ ನುಂಗಿದಂಗ ನುಂಗತೈತಲ್ಲೋ ಇದು!" ಎಂದು ತಾಯಿ ಕೂಗಿದಳು. ಬೆರಳುಗಳ ಬಣ್ಣ ನೋಡಿದೆವು, ಕೆಂಪಗಿದ್ದವು. ಮರುದಿನ ಡಾಕ್ಟರ ಹೆಗಲು ಹಿಡಿದು ಆಕೆ ಎದ್ದು ನಿಂತಾಗ ಬಾಗಿಲಲ್ಲಿದ್ದ ಪೈಲ್ವಾನರು ಚಪ್ಪಾಳೆ ಹೊಡೆಯುವುದನ್ನೂ ಮರೆತು ಅತ್ತರು.

ದೀಪ ಮರಳುವ ಹೊತ್ತಿಗೆ ಬಿಸಿಲುಮಾಸ ಮುಗಿದಿತ್ತು. ಆ ನಡುವೆ ಆಪರೇಶನ್ ಆದವರು ಇನ್ನೂ ಹಲವರು. ದಾದಾಪೀರ್ ಅವರ ನಂತರ ನಾವು ಯಾರನ್ನೂ ಹೆಪ್ಪಿಗೆ ಕಳೆದುಕೊಳ್ಳಲಿಲ್ಲ. ಇದನ್ನು ನಾನು ತಲೆಯೆತ್ತಿ ಬರೆಯುತ್ತಿದ್ದೇನೆ. ಚೀಲವೊಂದೇ ಕಾಯ್ದಿತೆಂದು ಡಾಕ್ಟರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಪಾದ ಆಡಿಸಿದ್ದು, ಬೇಗ ಎದ್ದು ನಡೆದದ್ದು, ಸಿಕ್ಕಷ್ಟು ಮದ್ದು, ಎಲ್ಲವೂ ಸೇರಿತು. ಒಳಗಾವಲು ಮತ್ತೆ ಎಚ್ಚರವಾದರೂ ನಮ್ಮ ಊರು ಬಿಗಿಗಾಲನ್ನು ಕೈಬಿಡಲಿಲ್ಲ. ಈಗ ಅದರ ಮೇಲಂಚಿಗೆ ಖಣದ ಹೂವಿನ ಸಾಲು ಹೆಣೆಯುತ್ತೇವೆ. ಹೂವು ಕಾಣದಿದ್ದರೆ ಅಂಚು ಮಡಚಿದೆ ಎಂದು ನರ್ಸ್ ದೂರದಿಂದಲೇ ಗದರುತ್ತಾಳೆ. ರಾಯಚೂರಿನಿಂದ, ಸೊಲ್ಲಾಪುರದಿಂದ ಕಲಿಯಲು ಬರುತ್ತಾರೆ. ಗಿರಿಜವ್ವನೇ ಅವರಿಗೆ ಅಳತೆ ಹೇಳಿಕೊಡುತ್ತಾಳೆ. ನನ್ನ ತಾಯಿ ಕಂಬ ಏರುವುದಿಲ್ಲ. ಕಂಬದ ಬುಡದಲ್ಲಿ ನಿಂತು ಏರುವವರನ್ನು ಬೈಯುತ್ತಾಳೆ.

ನಿಮ್ಮಲ್ಲಿ ಒಳಗಾವಲು ಇಲ್ಲ. ಆದರೆ ಡಾಕ್ಟರಿದ್ದಾರೆ, ಮದ್ದಿದೆ, ನಾವು ಹೆಣಗಾಡಿ ಹೆಣೆದ ಆ ಚೀಲ ನಿಮ್ಮಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಸೆಕೆಯೆಂದು, ತುರಿಕೆಯೆಂದು, ನೋಡಿದವರು ನಗುತ್ತಾರೆಂದು ನೀವು ಅದನ್ನು ಕಳಚಿ ದಿಂಬಿನಡಿ ಇಡುತ್ತೀರೆಂದು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮಗೆ ಚೀಲ ಹೇಳಿದ್ದರೆ, ಡಾಕ್ಟರು ಸಾಕು ಎನ್ನುವವರೆಗೆ ತೊಡಿ. ಬೆರಳು ಜೋಮು ಹಿಡಿದರೆ, ಬಣ್ಣ ಕೆಟ್ಟರೆ ಸಹಿಸಿಕೊಂಡು ಕೂರದೆ ಕೂಗಿ ಕರೆಯಿರಿ. ಒಂದೇ ಕಾಲು ನೋವಾಗಿ ಬಾತರೆ, ಉಸಿರು ಹಿಡಿದರೆ, ನಗಬೇಡಿ, ಆ ಕ್ಷಣವೇ ಹೇಳಿ.

ಈಗ ಈ ಕಾಗದ ಮಡಚಿಟ್ಟು ಯಾರನ್ನಾದರೂ ಹತ್ತಿರ ಕರೆಯಿರಿ. ಅವರ ತೋಳು ಹಿಡಿದು ಮಂಚದಿಂದ ಇಳಿದು, ಬಾಗಿಲವರೆಗಾದರೂ ನಡೆಯಿರಿ. ನಿಮ್ಮಿಂದ ಹುಟ್ಟಬೇಕಾದವರು ನಾವು ಇಷ್ಟು ಜನ ಇಲ್ಲಿದ್ದೇವೆ. ಹೋಗಿ ಬನ್ನಿ.

ಬನಶಂಕರಿ ಹುನಗುಂಡಿ
ಬಿಗಿಗಾಲು ಹೆಣೆಯುವವಳು